ಒಂದು ಗಾಡಿ, ಎರಡು ದಾರಿ

ಒಂದೇ ವಸ್ತುವಿನಿಂದ ಎರಡು ಕೆಲಸಗಳನ್ನು ಮಾಡಿಸಿಕೊಳ್ಳಬೇಕೆಂಬುದು ಗೃಹಸ್ಥರ ಬಹು ಹಳೆಯ ಆಸೆ. ಮಳೆಗೆ ಬಿಚ್ಚಿದ ಕೊಡೆಯೇ ಮಳೆ ನಿಂತಮೇಲೆ ಊರುಗೋಲಾಗುತ್ತದೆ. ಹೊದೆದುಕೊಂಡ ಶಾಲೇ ರೈಲಿನಲ್ಲಿ ತಲೆದಿಂಬಾಗುತ್ತದೆ. ಇಂತಹ ಕಡೆಗಳಲ್ಲಿ ಆ ಆಸೆ ಸಫಲವಾಗುವುದುಂಟು. ಆದರೆ ಎರಡು ಕೆಲಸಗಳು ಒಂದಕ್ಕೊಂದು ವಿರೋಧವಾಗಿದ್ದಾಗ, ವಸ್ತುವನ್ನು ಆರಿಸತಕ್ಕವರು ಅಂಗಡಿಯ ಮೆಟ್ಟಲು ಹತ್ತುವುದಕ್ಕೆ ಮೊದಲು ತುಸು ನಿಂತು ಯೋಚಿಸಬೇಕಾಗುತ್ತದೆ. ನಮ್ಮ ಮನೆಯ ಕಾರಿನ ಸಸ್ಪೆನ್ಷನ್ನಿನ ವಿಷಯದಲ್ಲಿ ಇಂತಹದೊಂದು ಯೋಚನೆಗೆ ನಾವು ಮೂರು ನಾಲ್ಕು ತಿಂಗಳುಗಳನ್ನು ಕೊಟ್ಟೆವು. ಅದರಿಂದ ತಿಳಿದುಬಂದ ಕೆಲವು ಮಾತುಗಳು ಇತರ ಸಂಸಾರವಂದಿಗರಿಗೂ ಉಪಯೋಗವಾದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಬೆಂಗಳೂರಿನ ಬಸವನಗುಡಿಯಲ್ಲಿರುವ ಸಾಧಾರಣ ಸಂಸಾರ. ಮನೆಗೆಲ್ಲ ಇರುವುದು ಒಂದೇ ಕಾರು. ಪುಣೆಯ ಹತ್ತಿರದ ಚಾಕಣದಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಪೋಲೋ. ನಮ್ಮ ದೇಶದಲ್ಲಿ ಅದರ ತಯಾರಿಕೆ 2022 ರಲ್ಲಿ ನಿಂತುಹೋಯಿತಾದರೂ ನಮ್ಮ ಗಾಡಿ ಇನ್ನೂ ಗಟ್ಟಿಮುಟ್ಟಾಗಿಯೇ ಇದೆ. ಅದರ ಮೇಲೆ ವಿಶೇಷ ಹಕ್ಕುಳ್ಳವರು ಇಬ್ಬರು. ಮೊದಲನೆಯವರು ನಮ್ಮ ತಾಯಿಯವರು. ಅವರಿಗೆ ಎಂಬತ್ತೊಂದು ವರ್ಷ. ಮೂಳೆಗಳು ಸವೆದು, ಬೆನ್ನೆಲುಬಿನ ಒಂದು ಮಣಿ ಆಗಲೇ ಒಮ್ಮೆ ಕುಸಿದಿದೆ. ಹೊರಗೆ ಓಡಾಡಲು ವೈದ್ಯರು ಅಡ್ಡಿ ಹೇಳಿಲ್ಲ, ಆದರೆ ಗಟ್ಟಿಯಾದ ಕುಲುಕು ಕೂಡದೆಂದು ಖಂಡಿತವಾಗಿ ಹೇಳಿದ್ದಾರೆ. ತಿಂಗಳಿಗೆರಡು ಬಾರಿ ಆಸ್ಪತ್ರೆಗೂ, ಶನಿವಾರದ ಸಂಜೆ ಗುಡಿಗೂ ಅವರು ಈ ಕಾರಿನ ಹಿಂದಿನ ಆಸನದಲ್ಲಿಯೇ ಹೋಗಿಬರಬೇಕು. ಎರಡನೆಯ ಹಕ್ಕುದಾರನು ನಮ್ಮ ಮಗ. ಇಪ್ಪತ್ತನಾಲ್ಕರ ಪ್ರಾಯ, ಉದ್ಯೋಗ ದೊರೆತು ಎರಡು ವರ್ಷವಾಗಿದೆ, ವೇಗವೆಂದರೆ ಪ್ರಾಣ.

ಅಂತಹ ಹುಚ್ಚಿಗೆ ತಂದೆತಾಯಿಗಳು ಎಡೆಗೊಡಬಹುದೇ ಎಂದು ಓದುಗರು ಕೇಳಬಹುದು. ಅವನ ಸಹಪಾಠಿಯೊಬ್ಬನು ಒಂದು ರಾತ್ರಿ ವಿಮಾನನಿಲ್ದಾಣದ ರಸ್ತೆಯಲ್ಲಿ ಗೆಳೆಯನೊಡನೆ ಪಂದ್ಯ ಕಟ್ಟಿ ಓಡಿಸಲು ಹೋಗಿ ಒಂದು ಕಾಲನ್ನು ಕಳೆದುಕೊಂಡನು. ಆ ಹುಡುಗನನ್ನು ನೋಡಿ ಬಂದ ದಿನ ನಾವು ಮಗನೊಡನೆ ಒಂದು ಒಪ್ಪಂದ ಮಾಡಿಕೊಂಡೆವು: ಊರ ರಸ್ತೆಯಲ್ಲಿ ಅವನು ನಮ್ಮಂತೆ ಓಡಿಸತಕ್ಕದ್ದು, ವೇಗದ ಚಪಲವನ್ನು ಅದಕ್ಕೆಂದೇ ಕಟ್ಟಿದ ಸ್ಥಳದಲ್ಲಿ, ತಲೆಗೆ ಹೆಲ್ಮೆಟ್ಟು ಧರಿಸಿ, ತಿಳಿದವರ ಮೇಲ್ವಿಚಾರಣೆಯಲ್ಲಿ ತೀರಿಸಿಕೊಳ್ಳತಕ್ಕದ್ದು. ಅಂತಹ ಸ್ಥಳಗಳು ನಮಗೆ ತೀರ ದೂರವಿಲ್ಲ. ಮದರಾಸಿಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ 1990 ರಲ್ಲಿ ತೆರೆದ ಪಂದ್ಯಪಥವಿದೆ. ಸುತ್ತಳತೆ ಸುಮಾರು 3.7 ಕಿಲೋಮೀಟರು. ಕೊಯಮತ್ತೂರಿನಲ್ಲಿ 2003 ರಲ್ಲಿ ಪ್ರಾರಂಭವಾದ, ಕರಿವರ್ಧನರ ಹೆಸರಿನ ಇನ್ನೊಂದಿದೆ. ಮಗನು ಆರಿಸಿಕೊಂಡದ್ದು ಮೊದಲನೆಯದನ್ನು. ವರ್ಷಕ್ಕೆ ಮೂರು ನಾಲ್ಕು ಬಾರಿ. ಉಳಿದ ಮುನ್ನೂರ ಅರವತ್ತು ದಿನ ಕಾರು ಅಜ್ಜಿಯದು.

ಒಪ್ಪಂದವಾದ ಮೇಲೆ ಅವನ ಮೊದಲ ಬೇಡಿಕೆ ಬಂದಿತು. “ಅಪ್ಪ, ತಿರುವಿನಲ್ಲಿ ಗಾಡಿ ಬಹಳ ವಾಲುತ್ತದೆ. ಅಡ್ಜಸ್ಟಬಲ್ ಸಸ್ಪೆನ್ಷನ್ ಹಾಕಿಸೋಣ. ತಿರುಪು ಸಡಿಲಿಸಿದರೆ ಅಜ್ಜಿಗೆ ಮೆತ್ತಗೆ, ಬಿಗಿಮಾಡಿದರೆ ನನಗೆ ಗಟ್ಟಿ. ದುಡ್ಡು ನಾನೇ ಕೊಡುತ್ತೇನೆ” ಎಂದನು. ಮಾತು ಕೇಳಲು ಸೊಗಸಾಗಿದ್ದಿತು. ಅದು ಎಷ್ಟರ ಮಟ್ಟಿಗೆ ನಿಜವೆಂಬುದೇ ಪ್ರಶ್ನೆ.

ಇದನ್ನು ತಿಳಿಯಬೇಕಾದರೆ ಚಕ್ರಕ್ಕೂ ಗಾಡಿಯ ಒಡಲಿಗೂ ನಡುವೆ ಇರುವ ಎರಡು ಅಂಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಸ್ಪ್ರಿಂಗು. ಅದು ಗಾಡಿಯ ಭಾರವನ್ನು ಹೊರುತ್ತದೆ. ಗುಂಡಿ ಬಂದಾಗ ಕುಗ್ಗಿ, ಮತ್ತೆ ಹಿಗ್ಗುತ್ತದೆ. ಆದರೆ ಅದಕ್ಕೆ ನಿಲ್ಲುವುದು ತಿಳಿಯದು. ಒಮ್ಮೆ ನೂಕಿಬಿಟ್ಟ ಉಯ್ಯಾಲೆಯ ಹಾಗೆ, ಅದು ಸುಮ್ಮನೆ ತೂಗುತ್ತಲೇ ಇರುವುದು. ಆ ತೂಗಾಟವನ್ನು ಹಿಡಿದು ನಿಲ್ಲಿಸುವ ಕೈ ಶಾಕ್ ಅಬ್ಸಾರ್ಬರು. ಅದರೊಳಗೆ ಎಣ್ಣೆಯುಂಟು, ಎಣ್ಣೆಯ ನಡುವೆ ಸಣ್ಣ ರಂಧ್ರಗಳುಳ್ಳ ಕೊಂತವುಂಟು. ಚಕ್ರ ಮೇಲೆ ಕೆಳಗೆ ಆಡಿದಂತೆ ಎಣ್ಣೆಯು ಆ ರಂಧ್ರಗಳಲ್ಲಿ ನುಸುಳಬೇಕಾಗಿ, ತೂಗಾಟದ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ತಿರುಪನ್ನು ತಿರುಗಿಸಿದಾಗ ಬದಲಾಗುವುದು ಈ ಎಣ್ಣೆಯ ದಾರಿ ಮಾತ್ರ. ಸ್ಪ್ರಿಂಗಿನ ಗಟ್ಟಿತನ ಎಳ್ಳಷ್ಟೂ ಬದಲಾಗುವುದಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯವರ ಅರ್ಧ ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ.

ಸುಖವಾದ ಸವಾರಿಯ ಕಾರುಗಳಲ್ಲಿ ಒಡಲು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ತೂಗುವಂತೆ ಲೆಕ್ಕ ಹಾಕಿರುತ್ತಾರೆ. ನಮ್ಮ ನಡಿಗೆಯ ಲಯಕ್ಕೆ ಇದು ಬಹಳ ದೂರವಲ್ಲ. ಆದಕಾರಣ ದೇಹವು ಇದನ್ನು ಸಹಿಸುತ್ತದೆ. ಪಂದ್ಯದ ಕಾರುಗಳಲ್ಲಿ ಈ ಎಣಿಕೆ ಎರಡನ್ನು ದಾಟುತ್ತದೆ. ಅಂತರ ಅಲ್ಪವೆಂದು ತೋರಬಹುದು; ಆದರೆ ತೂಗಾಟ ಇಮ್ಮಡಿಯಾಗಬೇಕಾದರೆ ಸ್ಪ್ರಿಂಗು ನಾಲ್ಮಡಿ ಗಟ್ಟಿಯಾಗಬೇಕು. ಒಂದೂಕಾಲನ್ನು ಎರಡಕ್ಕೆ ಏರಿಸುವುದಕ್ಕೇ ಎರಡೂವರೆ ಪಟ್ಟು ಗಟ್ಟಿಯಾದ ಸ್ಪ್ರಿಂಗು ಬೇಕು. ಮನುಷ್ಯನು ಕುಳಿತಿರುವಾಗ ಅವನ ಒಡಲು ಅತ್ಯಂತ ಅಸಹನೆಯಿಂದ ತಾಳಿಕೊಳ್ಳುವ ಅದುರಾಟ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯದು. ಸ್ಪ್ರಿಂಗು ಗಟ್ಟಿಯಾದಷ್ಟೂ, ಎಣ್ಣೆಯ ದಾರಿ ಇಕ್ಕಟ್ಟಾದಷ್ಟೂ ಈ ಬಗೆಯ ಅದುರು ಆಸನಕ್ಕೆ ಹೆಚ್ಚಾಗಿ ಮುಟ್ಟುತ್ತದೆ.

ಹಾಗಾದರೆ ಪಂದ್ಯಪಥದಲ್ಲಿ ಗಟ್ಟಿತನದಿಂದ ಏನು ಲಾಭ? ಅಲ್ಲಿಯ ನೆಲ ನುಣುಪು, ಗುಂಡಿಯ ಭಯವಿಲ್ಲ. ಗಾಡಿ ಕಡಿಮೆ ವಾಲಿದರೆ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ; ಸ್ಟಿಯರಿಂಗು ತಿರುಗಿಸಿದೊಡನೆ ಗಾಡಿಯು ಮಾತು ಕೇಳುತ್ತದೆ. ಗಟ್ಟಿ ಸ್ಪ್ರಿಂಗು ಹಾಕಿದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಭಾರ ಸರಿಯುವುದೇ ಇಲ್ಲವೆಂದು ಕೆಲವರು ನಂಬಿದ್ದಾರೆ; ಅದು ಸರಿಯಲ್ಲ. ಸರಿಯುವ ಭಾರವನ್ನು ಮುಖ್ಯವಾಗಿ ನಿರ್ಣಯಿಸುವುವು ಗಾಡಿಯ ತೂಕ, ಅದರ ಭಾರಕೇಂದ್ರದ ಎತ್ತರ, ಚಕ್ರಗಳ ನಡುವಣ ಅಗಲ ಮತ್ತು ತಿರುವಿನ ರಭಸ. ಆ ಭಾರ ಎಷ್ಟು ಬೇಗ ಸರಿಯುತ್ತದೆ, ಹಿಂದು ಮುಂದಿನ ಚಕ್ರಗಳಲ್ಲಿ ಹೇಗೆ ಹಂಚಿಹೋಗುತ್ತದೆ ಎಂಬುದು ಮಾತ್ರ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಅಧೀನ.

ಈಗ ಮಾರಾಟಕ್ಕಿರುವ ಸಾಮಗ್ರಿಯ ಮಾತು. “ಅಡ್ಜಸ್ಟಬಲ್” ಎಂಬ ಒಂದೇ ಹೆಸರಿನ ಕೆಳಗೆ ಹಲವು ಜಾತಿಗಳು ಸೇರಿಕೊಂಡಿವೆ. ಜರ್ಮನಿಯ ಕೆ.ಡಬ್ಲ್ಯು. ಕಂಪನಿಯವರ ಮೂರು ತರಗತಿಗಳನ್ನು ನೋಡಿದರೆ ಭೇದವು ಸ್ಪಷ್ಟವಾಗುವುದು. ಮೊದಲನೆಯದರಲ್ಲಿ ಬದಲಿಸಬಹುದಾದದ್ದು ಗಾಡಿಯ ಎತ್ತರ ಮಾತ್ರ. ಎರಡನೆಯದರಲ್ಲಿ ಎತ್ತರದ ಜೊತೆಗೆ, ಸ್ಪ್ರಿಂಗು ಹಿಗ್ಗುವಾಗಿನ ಬಿಗಿ. ಮೂರನೆಯದರಲ್ಲಿ ಇವೆರಡರೊಡನೆ ಕುಗ್ಗುವಾಗಿನ ಬಿಗಿಯೂ ಸೇರುತ್ತದೆ. ಇವುಗಳಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರುಗಳು ಜೊತೆಯಾಗಿಯೇ ಬರುವುವು. ಇಂತಹ ಜೋಡಿಗೆ ಕಾಯಿಲೋವರ್ ಎಂದು ಹೆಸರು. ಹಾಲೆಂಡಿನ ಕೋನಿ ಮೊದಲಾದವರು, ಕಾರ್ಖಾನೆಯ ಮೂಲ ಸ್ಪ್ರಿಂಗನ್ನೇ ಉಳಿಸಿಕೊಂಡು ಶಾಕ್ ಅಬ್ಸಾರ್ಬರನ್ನು ಮಾತ್ರ ಬದಲಿಸಿಕೊಳ್ಳಬಹುದಾದ ಬಗೆಯನ್ನೂ ಮಾಡುತ್ತಾರೆ. ಇವೆಲ್ಲಕ್ಕೂ ಮೇಲಾದ ಇನ್ನೊಂದು ವರ್ಗವುಂಟು. 2002 ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಬಗೆಯಲ್ಲಿ ಎಣ್ಣೆಯೊಳಗೆ ಕಬ್ಬಿಣದ ಕಣಗಳಿದ್ದು, ಆಯಸ್ಕಾಂತದ ಬಲದಿಂದ ಅದು ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ, ಸಡಿಲವಾಗುತ್ತದೆ. ಅಂತಹದನ್ನು ಕಾರಿನೊಡನೆಯೇ ಕೊಳ್ಳಬೇಕು. ನಮ್ಮಂತಹವರ ಕೈಗೆ ಎಟುಕುವುದಲ್ಲ.

ನಾವೂ ಮಗನೂ ಊರಿನ ಒಂದು ಅಂಗಡಿಗೆ ಹೋದೆವು. ಅಲ್ಲಿಯವರು ಬಹಳ ಆದರದಿಂದ ಕುಳ್ಳಿರಿಸಿ, ಒಂದು ಕಾಯಿಲೋವರನ್ನು ಮೇಜಿನ ಮೇಲಿಟ್ಟು, “ಸಾರ್, ಈ ಬಳೆಯನ್ನು ಕೆಳಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಸಾಫ್ಟ್, ಮೇಲಕ್ಕೆ ತಿರುಗಿಸಿದರೆ ಹಾರ್ಡ್” ಎಂದು ವಿವರಿಸಿದರು. ಬೆಲೆ ಲಕ್ಷಕ್ಕೆ ಮೇಲೆ. ಆ ಬಳೆಯಿಂದ ಬದಲಾಗುವುದು ಗಾಡಿಯ ಎತ್ತರ; ಸಮವಾಗಿ ಸುತ್ತಿದ ಸ್ಪ್ರಿಂಗಿನ ಗಟ್ಟಿತನವು ಬಳೆಯನ್ನು ಎತ್ತ ತಿರುಗಿಸಿದರೂ ಅಷ್ಟೇ. ಗಾಡಿಯನ್ನು ಅತಿಯಾಗಿ ತಗ್ಗಿಸಿದರೆ, ಚಕ್ರ ಮೇಲೇಳುವುದಕ್ಕೆ ಉಳಿದ ಜಾಗ ಕಡಿಮೆಯಾಗಿ, ಸ್ಪ್ರಿಂಗು ಕುಗ್ಗುವ ಮೊದಲೇ ತುದಿಯ ರಬ್ಬರಿಗೆ ಬಡಿಯುವುದೂ ಉಂಟು. ಬೆನ್ನಿಗೆ ಅದಕ್ಕಿಂತ ಕೆಟ್ಟ ಪೆಟ್ಟಿಲ್ಲ. ನಾವು ನಮಸ್ಕಾರ ಹೇಳಿ ಹೊರಗೆ ಬಂದೆವು. ಆದರೆ ಮಗನ ಮನಸ್ಸು ಆ ಮೇಜಿನ ಮೇಲೆಯೇ ಉಳಿದಿದ್ದಿತು.

ಮಕ್ಕಳಿಗೆ ತರ್ಕಕ್ಕಿಂತ ಪ್ರಯೋಗವು ಬೇಗ ಹಿಡಿಯುತ್ತದೆ. ಅವನ ಗೆಳೆಯನ ಕಾರಿಗೆ ಅಂತಹುದೇ ಗಟ್ಟಿ ಸ್ಪ್ರಿಂಗಿನ ಜೋಡಿಯಿದ್ದಿತು. ಗಾಡಿ ಮೂರು ಬೆರಳಿನಷ್ಟು ತಗ್ಗಿದ್ದಿತು. ಮಗನು ಅದನ್ನು ಓಡಿಸಿದ್ದನೇ ಹೊರತು ಅದರ ಹಿಂದಿನ ಆಸನದಲ್ಲಿ ಕುಳಿತವನಲ್ಲ. ನಮ್ಮ ಮನೆಯಾಕೆ ಒಂದು ತಂಬಿಗೆಯ ತುಂಬ ನೀರು ತುಂಬಿ, ಕುತ್ತಿಗೆಯಿಂದ ಎರಡು ಬೆರಳು ಕೆಳಗೆ ಕುಂಕುಮದ ಗುರುತಿಟ್ಟು ಅವನ ತೊಡೆಯ ಮೇಲಿಟ್ಟಳು. “ಅಜ್ಜಿ ಕೂರುವ ಜಾಗದಲ್ಲಿ ಕೂತುಕೊಂಡು ನೋಡು” ಎಂದಳು. ಗೆಳೆಯನು ಓಡಿಸಿದನು. ಗಾಂಧಿಬಜಾರಿನಿಂದ ಜಯನಗರದ ನಾಲ್ಕನೆಯ ಬ್ಲಾಕಿಗೆ ಹೋಗಿ ಬಂದರು. ಅನಂತರ ಅದೇ ದಾರಿಯಲ್ಲಿ, ಅದೇ ತಂಬಿಗೆಯೊಡನೆ, ನಮ್ಮ ಪೋಲೋ.

ಇಲ್ಲಿ ನಮ್ಮ ರಸ್ತೆಯ ಉಬ್ಬುಗಳ ವಿಷಯ ಒಂದು ಮಾತು ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1988 ರಲ್ಲಿ ಗೊತ್ತುಮಾಡಿದ ಕ್ರಮದಂತೆ, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟತಕ್ಕ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿದ್ದು, ಬೋಗುಣಿಯನ್ನು ಮಗುಚಿಟ್ಟಂತೆ ನಿಧಾನವಾಗಿ ಏರಿ ಇಳಿಯಬೇಕು. ಬೀದಿಯಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಅದಲ್ಲ. ಅಷ್ಟೇ ಎತ್ತರವನ್ನು ಒಂದು ಮೊಳದ ಅಗಲದಲ್ಲಿ ಎಬ್ಬಿಸಿದ ದಿಣ್ಣೆಗಳೂ, ಒಂದರ ಹಿಂದೊಂದು ಐದಾರು ಗೀರುಗಳೂ ನಮ್ಮ ಪಾಲಿಗೆ ಬಂದಿವೆ. ಹಿಂದಿನ ಆಸನವಾದರೋ, ಚಿಕ್ಕ ಕಾರಿನಲ್ಲಿ, ಹಿಂದಿನ ಚಕ್ರಗಳಿಗೆ ಅತಿ ಸಮೀಪ. ಮುಂದೆ ಕುಳಿತವರಿಗೆ ತಟ್ಟಿದಂತಾಗುವುದು ಹಿಂದೆ ಕುಳಿತವರಿಗೆ ಗುದ್ದಿದಂತಾಗುತ್ತದೆ.

ಗೆಳೆಯನ ಕಾರಿನಲ್ಲಿ ತಂಬಿಗೆಯ ನೀರು ಅಷ್ಟೇನೂ ಚೆಲ್ಲಿರಲಿಲ್ಲ. ನಮ್ಮ ಕಾರಿನಲ್ಲಿಯೇ ತುಸು ಹೆಚ್ಚು ಚೆಲ್ಲಿದ್ದಿತು. ಮಗನು ಗೆದ್ದೆನೆಂದು ಹೇಳಲಿಲ್ಲ. ಇಳಿದವನು ಸೊಂಟ ಹಿಡಿದುಕೊಂಡು, “ನೀರು ನಿಂತಿತು, ಬೆನ್ನು ನಿಲ್ಲಲಿಲ್ಲ” ಎಂದನು. ಆ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ತೂಗಾಟ ಬೇರೆ, ಪೆಟ್ಟು ಬೇರೆ. ನಮ್ಮ ಕಾರಿನ ಶಾಕ್ ಅಬ್ಸಾರ್ಬರುಗಳು ಹಳತಾಗಿ ತೂಗಾಟವನ್ನು ಹಿಡಿಯಲಾರದೆ ಹೋಗಿದ್ದುವು. ಅದಕ್ಕೆ ಪರಿಹಾರ ಬೇಕಾಗಿದ್ದಿತು. ಗೆಳೆಯನ ಕಾರು ತೂಗಾಟವನ್ನು ಅಡಗಿಸಿ ಪೆಟ್ಟನ್ನು ಹೆಚ್ಚಿಸಿದ್ದಿತು. ತಾಯಿಯವರ ಬೆನ್ನಿಗೆ ಅಪಾಯವಾದುದು ಎರಡನೆಯದು. ಮಗನಿಗೆ ಪಥದಲ್ಲಿ ಬೇಕಾದುದಾದರೋ ಮೊದಲನೆಯದರ ನಿಗ್ರಹ. ಹೀಗೆ ನೋಡಿದಾಗ ಇಬ್ಬರ ಬೇಡಿಕೆಗಳೂ ನಾವು ತಿಳಿದಷ್ಟು ವಿರೋಧವಾಗಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ನಿರ್ಣಯವಾಯಿತು. ಸ್ಪ್ರಿಂಗುಗಳು ಕಾರ್ಖಾನೆಯವೇ ಇರತಕ್ಕದ್ದು. ಏಕೆಂದರೆ ಅವು ದಿನನಿತ್ಯದ ರಸ್ತೆಗೆ ಸಂಬಂಧಪಟ್ಟುವು, ಅವನ್ನು ಯಾವ ತಿರುಪಿನಿಂದಲೂ ಮೆತ್ತಗೆ ಮಾಡಲು ಬಾರದು. ಶಾಕ್ ಅಬ್ಸಾರ್ಬರುಗಳನ್ನು ಮಾತ್ರ, ಹಿಗ್ಗುವಾಗಿನ ಬಿಗಿಯನ್ನು ಬದಲಿಸಬಲ್ಲ ಜಾತಿಯವನ್ನು ತರತಕ್ಕದ್ದು. ಮೂಲ ಸ್ಪ್ರಿಂಗುಗಳನ್ನು ಉಳಿಸಿಕೊಳ್ಳುವುದಕ್ಕೆ ಮತ್ತೊಂದು ಕಾರಣವೂ ಉಂಟು. ಹಿಂದೆ ರೋಲ್ಸ್-ರಾಯ್ಸ್ ಕಂಪನಿಯಲ್ಲಿದ್ದು, 1930 ರ ಸುಮಾರಿಗೆ ಅಮೆರಿಕದ ಕ್ಯಾಡಿಲಾಕ್ ಕಂಪನಿಯನ್ನು ಸೇರಿದ ಮಾರಿಸ್ ಆಲಿ ಎಂಬ ಯಂತ್ರಶಿಲ್ಪಿ ಒಂದು ಸಂಗತಿಯನ್ನು ತೋರಿಸಿಕೊಟ್ಟನು. ಉಬ್ಬಿಗೆ ಮೊದಲು ಸಿಕ್ಕುವುವು ಮುಂದಿನ ಚಕ್ರಗಳು, ತುಸು ತಡವಾಗಿ ಹಿಂದಿನವು. ಆದುದರಿಂದ ಹಿಂಭಾಗವು ಮುಂಭಾಗಕ್ಕಿಂತ ಸ್ವಲ್ಪ ಬೇಗ ತೂಗುವಂತಿದ್ದರೆ, ಅದು ಮುಂಭಾಗವನ್ನು ಕೂಡಿಕೊಂಡು ಗಾಡಿಯು ಮೂಗು ಮುಗ್ಗರಿಸದೆ ಸಮವಾಗಿ ಸಾಗುತ್ತದೆ. ಹಿಂದು ಮುಂದಿನ ಸ್ಪ್ರಿಂಗುಗಳಿಗೆ ಇಂತಹ ಲೆಕ್ಕದ ಸಂಬಂಧವಿರುವುದರಿಂದ, ಒಂದನ್ನು ಕಿತ್ತು ಮನಸ್ಸಿಗೆ ಬಂದದ್ದನ್ನು ಹಾಕುವುದು ವಿಹಿತವಲ್ಲ.

ಕಾನೂನಿನ ಮಾತನ್ನೂ ನಾವು ಮರೆಯಲಿಲ್ಲ. 1988 ರ ಮೋಟಾರು ವಾಹನಗಳ ಕಾಯಿದೆಯ 52 ನೆಯ ಕಲಮಿನಂತೆ, ನೋಂದಣಿಯಲ್ಲಿ ಕಾಣಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು. 2019 ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದೆಂದು ಸೇರಿಸಿದರು. ಗಾಡಿಯ ಎತ್ತರವನ್ನು ಬದಲಿಸದಿರಲು ಇದೂ ಒಂದು ಕಾರಣ. ವಿಮೆಯವರಿಗೆ ಮೊದಲೇ ಕಾಗದ ಬರೆದು, ಅವರ ಉತ್ತರವನ್ನು ತೆಗೆದಿರಿಸಿಕೊಂಡೆವು. ನಮ್ಮ ದೇಶದ ಸಾಧಾರಣ ವಿಮೆಯ ಪತ್ರದಲ್ಲಿ ಪಂದ್ಯವನ್ನೂ ವೇಗಪರೀಕ್ಷೆಯನ್ನೂ ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ಪಥದಲ್ಲಿ ಗಾಡಿ ಜಖಂ ಆದರೆ ಖರ್ಚು ಕೈಯಿಂದಲೇ ಎಂಬುದನ್ನು ಮಗನಿಗೆ ಓದಿಸಿ, ಅದಕ್ಕಾಗಿ ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಒಂದು ಮೊತ್ತವನ್ನು ಬೇರೆ ಇಡಿಸಿದೆವು. ಸ್ಪ್ರಿಂಗು ಕೊಳ್ಳದೆ ಉಳಿದ ಹಣದಲ್ಲಿ ಒಳ್ಳೆಯ ಟೈರುಗಳೂ, ಹೆಚ್ಚಿನ ಶಾಖವನ್ನು ತಾಳುವ ಬ್ರೇಕ್ ಎಣ್ಣೆಯೂ ಬಂದುವು. ಹೊಸಬರಿಗೆ ಪಥದಲ್ಲಿ ತಿರುಪಿಗಿಂತ ಮೊದಲು ಬೇಕಾಗುವುವು ಇವೇ.

ನಮ್ಮ ಮೇಸ್ತ್ರಿ ನಂಬಿಕಸ್ಥನು. ಒಂದು ಭಾನುವಾರ ಬೆಳಗ್ಗೆ ಕೆಲಸ ಹಿಡಿದು ಸಂಜೆಗೆ ಮುಗಿಸಿದನು. ಮಾರನೆಯ ದಿನ ಚಕ್ರಗಳ ಅಲೈನ್‌ಮೆಂಟನ್ನೂ ಸರಿಪಡಿಸಿಕೊಟ್ಟನು. ಕಳಚಿ ಜೋಡಿಸಿದ ಮೇಲೆ ಇದನ್ನು ತಪ್ಪದೆ ಮಾಡಿಸಬೇಕು. ಇಲ್ಲದಿದ್ದರೆ ಟೈರು ಒಂದು ಪಕ್ಕದಲ್ಲಿ ತಿಂದುಹೋಗುತ್ತದೆ. ಅವನು ಇನ್ನೊಂದು ವಿಷಯವನ್ನು ತೋರಿಸಿದನು. ಮುಂದಿನ ಎರಡನ್ನು ಬಾನೆಟ್ಟು ತೆರೆದು ಮೇಲಿನಿಂದಲೇ ತಿರುಗಿಸಬಹುದು. ಹಿಂದಿನವನ್ನು ತಿರುಗಿಸಬೇಕಾದರೆ ಕಳಚಿ ಕೈಗೆ ತೆಗೆದುಕೊಳ್ಳಬೇಕು. “ಸಾರ್, ಹಿಂದಿನದು ಎಷ್ಟಕ್ಕೆ ಇಡಲಿ?” ಎಂದು ಕೇಳಿದನು. ನಾವು ಮಗನ ಮುಖ ನೋಡಿದೆವು. “ಅಜ್ಜಿಗೆ ಎಷ್ಟು ಬೇಕೋ ಅಷ್ಟಕ್ಕೆ ಇಡಿ, ಮತ್ತೆ ಬಿಚ್ಚುವುದು ಬೇಡ” ಎಂದು ಅವನೇ ಹೇಳಿದನು.

ಮುಂದಿನವಕ್ಕೆ ತಕ್ಕ ಬಿಗಿಯನ್ನು ಕಂಡುಕೊಳ್ಳಲು ಒಂದು ವಾರ ಹಿಡಿಯಿತು. ಪೂರ್ತಿ ಸಡಿಲದಿಂದ ಪ್ರಾರಂಭಿಸಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಅದೇ ಬೀದಿಯಲ್ಲಿ ಅದೇ ವೇಗದಲ್ಲಿ ಹೋಗಿ ನೋಡಿದೆವು; ಎಡಬಲಗಳೆರಡನ್ನೂ ಸಮವಾಗಿ ಇಟ್ಟೆವು. ಕಾಲು ಸುತ್ತಿಗೆ ಉಬ್ಬು ದಾಟಿದ ಮೇಲಿನ ತೂಗಾಟ ಒಂದೇ ಬಾರಿಗೆ ನಿಂತಿತು. ಇನ್ನೂ ಬಿಗಿಮಾಡಿದರೆ ಸಾಲುಗೀರುಗಳ ಮೇಲೆ ಕೆಡುಕು ತೋರಿತು: ಒಂದು ಗೀರಿನಿಂದ ಚಕ್ರವು ಕೆಳಗೆ ಇಳಿಯುವ ಮೊದಲೇ ಮತ್ತೊಂದು ಗೀರು ಬಂದು, ಗಾಡಿ ಕುಗ್ಗಿಕೊಂಡೇ ಓಡುತ್ತಿದ್ದಿತು. ಹೆಚ್ಚು ಬಿಗಿಯೇ ಹೆಚ್ಚು ಒಳ್ಳೆಯದೆಂಬುದು ರಸ್ತೆಯಲ್ಲಂತೂ ಸುಳ್ಳು. ತಂಬೂರಿಯ ತಂತಿಯ ಹಾಗೆ, ಸರಿಯಾದ ಸ್ಥಾನವು ನಡುವೆ ಎಲ್ಲಿಯೋ ಇರುತ್ತದೆ, ಕಿವಿಗೊಟ್ಟು ಹುಡುಕಬೇಕು.

ಇರುಂಗಾಟ್ಟುಕೋಟೆಗೆ ಮೊದಲ ಸಲ ಹೋದಾಗ ನಾವೂ ಜೊತೆಯಲ್ಲಿ ಹೋಗಿದ್ದೆವು. ಸುಮಾರು 300 ಕಿಲೋಮೀಟರು ದಾರಿಯನ್ನು ಮನೆಯ ಬಿಗಿಯಲ್ಲಿಯೇ ಕ್ರಮಿಸಿ, ಪಥದ ಬಳಿ ಬಾನೆಟ್ಟು ತೆರೆದು ಒಂದೂವರೆ ಸುತ್ತಿಗೆ ತಿರುಗಿಸಿದೆವು. ಮಗನು ಸಂಜೆ ಇಳಿದು ಬಂದು, “ವಾಲುವುದು ಸ್ವಲ್ಪ ಇದ್ದೇ ಇದೆ, ಅಪ್ಪ. ಆದರೆ ಈಗ ಎಷ್ಟು ವಾಲುತ್ತದೆಂದು ಮೊದಲೇ ಗೊತ್ತಾಗುತ್ತದೆ” ಎಂದನು. ಅಂದು ಅವನಿಗಿಂತ ವೇಗವಾಗಿ ಓಡಿಸಿದವರು ಅನೇಕರಿದ್ದರು. ಅವನಿಗೆ ಅದರಿಂದ ಬೇಸರವಾದಂತೆ ತೋರಲಿಲ್ಲ. ಮರಳುವ ದಾರಿಯುದ್ದಕ್ಕೂ ಎಲ್ಲಿ ಬ್ರೇಕು ಹಿಡಿಯಬೇಕಾಗಿದ್ದಿತು, ಎಲ್ಲಿ ಬಿಡಬೇಕಾಗಿದ್ದಿತು ಎಂಬುದನ್ನೇ ಮಾತನಾಡಿದನು. ಗಂಟೆಗೆ 80 ರ ಮೇಲೆ ಹೋಗಲಿಲ್ಲ.

ನಮ್ಮ ತಾಯಿಯವರಿಗೆ ಈ ಕಥೆಯನ್ನೆಲ್ಲ ಹೇಳಿದ್ದು ತಿಂಗಳಾದ ಮೇಲೆ, ಆಸ್ಪತ್ರೆಯಿಂದ ಹಿಂದಿರುಗುವಾಗ. ಅವರು ಯಾವಾಗಲೂ ಉಬ್ಬು ಬಂದಾಗ ಎರಡು ಕೈಗಳಿಂದ ಮುಂದಿನ ಆಸನವನ್ನು ಹಿಡಿದುಕೊಳ್ಳುವರು, ಅಂದು ಹಿಡಿದುಕೊಂಡಿರಲಿಲ್ಲ. ಎಲ್ಲವನ್ನೂ ಕೇಳಿ ಮೊಮ್ಮಗನ ಕಡೆಗೆ ತಿರುಗಿ, “ನಿನ್ನ ಆಟ ನೀನು ಆಡು, ಪುಟ್ಟ. ನನ್ನ ಕಡೆಯ ತಿರುಪನ್ನು ಮಾತ್ರ ಮುಟ್ಟಬೇಡ” ಎಂದರು.

ಕಾರಿನ ಮುಂದಿನ ಖಾನೆಯಲ್ಲಿ ಈಗ ಒಂದು ಚಿಕ್ಕ ಪುಸ್ತಕವಿದೆ. ಅದರಲ್ಲಿ ಮಗನ ಬರವಣಿಗೆಯಲ್ಲಿ ಎರಡು ಸಾಲು: ಮನೆಗೆ ಕಾಲು ಸುತ್ತು, ಪಥಕ್ಕೆ ಒಂದೂವರೆ. ಕೆಳಗೆ ದಿನಾಂಕಗಳು. ಪಥದ ಬಾಗಿಲು ದಾಟಿ ಹೊರಗೆ ಬರುವುದಕ್ಕೆ ಮೊದಲು ತಿರುಪನ್ನು ಮನೆಯ ಸ್ಥಾನಕ್ಕೆ ತಂದು, ದಿನಾಂಕದ ಮುಂದೆ ಗುರುತು ಹಾಕಬೇಕೆಂಬುದು ನಿಯಮ. ಇದುವರೆಗೆ ಐದು ದಿನಾಂಕಗಳಾಗಿವೆ. ಐದಕ್ಕೂ ಗುರುತು ಬಿದ್ದಿದೆ.